ಮುದುಕವ್ವ ಹೇಳದ ಹೆಸರು

ಪ್ರಶ್ನೆಗಳು ಸುಲಭವಾಗಿಯೇ ಇದ್ದವು. ಇವತ್ತು ಯಾವ ವಾರ, ಇದು ಯಾವ ತಾಲೂಕು, ನೂರರಲ್ಲಿ ಏಳು ಕಳೆದರೆ ಎಷ್ಟು, ನಾನು ಆಗಲೇ ಹೇಳಿದ ಮೂರು ಪದ ಯಾವುವು. ಕೇಳುತ್ತಿದ್ದವಳು ದೀಪಿಕಾ ಎಂಬ ಹುಡುಗಿ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗಂಗಾವತಿಯ ಆಸ್ಪತ್ರೆಯೊಂದರ ಗುರುತಿನ ಚೀಟಿ. ಸಿದ್ದಾಪುರದ ಶಾಲೆಯ ಜಗಲಿಯ ಮೇಲೆ ಅರವತ್ತು ದಾಟಿದವರನ್ನೆಲ್ಲ ಸಾಲಾಗಿ ಕೂರಿಸಿಕೊಂಡು, ಯಾರ ತಲೆಯಲ್ಲಿ ನೆನಪು ಎಷ್ಟು ಉಳಿದಿದೆ ಎಂದು ಅಳೆಯುತ್ತಿದ್ದಳು.

ಮುದುಕವ್ವನಿಗೆ ಅರವತ್ತೇಳು. ಅದೇ ಶಾಲೆಯಲ್ಲಿ ಹದಿನೈದು ವರ್ಷ ಬಿಸಿಯೂಟ ಬೇಯಿಸಿದವಳು. ಏಳು ಕಳೆಯುವ ಲೆಕ್ಕದಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ವಾರ ಮಾತ್ರ ತಪ್ಪು ಹೇಳಿದಳು, ಮೂರು ಪದಗಳಲ್ಲಿ ಎರಡನ್ನು ಬಿಟ್ಟಳು, ಇನ್ನೂ ನಾಲ್ಕಾರು ಪ್ರಶ್ನೆಗಳಲ್ಲಿ ಎಡವಿದಳು. ಅದಕ್ಕೆ ಅವಳೇನೂ ಗಾಬರಿಯಾಗಲಿಲ್ಲ. ಅಡುಗೆ ಕೆಲಸ ಬಿಟ್ಟ ಈ ಏಳು ವರ್ಷಗಳಲ್ಲಿ ಸೋಮವಾರಕ್ಕೂ ಶುಕ್ರವಾರಕ್ಕೂ ಏನು ವ್ಯತ್ಯಾಸ ಎಂದು ತೋರಿಸಿಕೊಡುವವರು ಅವಳಿಗೆ ಯಾರೂ ಇರಲಿಲ್ಲ.

ಆಮೇಲೆ ದೀಪಿಕಾ ಟ್ಯಾಬಿನಿಂದ ತಲೆಯೆತ್ತದೆ, "ಗಂಡನ ಹೆಸರು?" ಎಂದಳು.

ಮುದುಕವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡಿದಳು. ಅವಳ ಓರಿಗೆಯ ಹೆಂಗಸರೆಲ್ಲ ಆ ಜಗಲಿಯ ಮೇಲೆ ಅದನ್ನೇ ಮಾಡಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದನ್ನು ಈಗ ಯಾರೂ ನಂಬುವುದಿಲ್ಲ. ಗಂಡ ಸತ್ತ ಮೇಲಾದರೂ ಹೇಳಬಹುದಲ್ಲ ಎಂದು ಕೇಳಿದರೆ ಅದಕ್ಕೆ ಯಾರಲ್ಲೂ ಉತ್ತರವಿಲ್ಲ. ಆದರೂ ಹೇಳುವುದಿಲ್ಲ, ಅಷ್ಟೇ.

ದೀಪಿಕಾ ನಕ್ಕಳು. "ಗೊತ್ತೈತಿ ಬಿಡ್ರಿ ಯವ್ವಾ. ನಮ್ಮಜ್ಜಿನೂ ಸಾಯೂತನಾ ಹೇಳಲಿಲ್ಲ. ಆಧಾರ್ ಕಾರ್ಡಿನ್ಯಾಗ ಐತಿ, ನಾನ ತುಂಬ್ಕೋತೀನಿ."

ಆಧಾರ್ ಕಾರ್ಡು ನೋಡಿ ಹೆಸರು ತುಂಬಿಕೊಂಡಳು, ಆ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟಳು. ಎಲ್ಲ ಸೇರಿ ಮೂವತ್ತಕ್ಕೆ ಹತ್ತೊಂಬತ್ತು ಬಂತು. ಇಪ್ಪತ್ತಕ್ಕಿಂತ ಕಡಿಮೆ ಬಂದವರಿಗೆ ಗಂಗಾವತಿಯ ಆಸ್ಪತ್ರೆಯಲ್ಲಿ ಹನ್ನೆರಡು ವಾರ, ವಾರಕ್ಕೆ ಎರಡು ಸಲ ಸೂಜಿ ಚಿಕಿತ್ಸೆ ಕೊಡುತ್ತಾರಂತೆ, ಬರುತ್ತೀರೇನು ಎಂದು ಕೇಳಿದಳು. ಮುದುಕವ್ವ ನೋಡೋಣ ಎಂದಳು. ಅವಳ ಲಕ್ಷ್ಯ ಆ ಮಾತಿನಲ್ಲಿರಲಿಲ್ಲ. ಸೆರಗಿನ ಹಿಂದೆ ಬಾಯಿ ಮುಚ್ಚಿದ್ದು ರೂಢಿಯಿಂದ. ಆದರೆ ಮುಚ್ಚಿದ ಬಾಯಿಯ ಒಳಗೆ ಯಾವ ಹೆಸರನ್ನು ತಡೆದು ಹಿಡಿದಿದ್ದೇನೆ ಎಂದು ನೋಡಿಕೊಂಡರೆ, ಅಲ್ಲಿ ಏನೂ ಇರಲಿಲ್ಲ.

ಗಂಡನ ಹೆಸರು ಅವಳಿಗೆ ಮರೆತುಹೋಗಿತ್ತು.

ಮನೆಗೆ ಬಂದು ಅಕ್ಕಿ ಹಸನು ಮಾಡುತ್ತ ಕುಳಿತಳು. ಈಗ ಬಂದೀತು, ಆಗ ಬಂದೀತು ಎಂದು ಕಾದಳು. ನೆಂಟರ ಹೆಸರು, ನೆರೆಯವರ ಹೆಸರು ಹೀಗೆ ಎಷ್ಟೋ ಸಲ ಜಾರಿ, ಕೈ ಕೆಲಸದಲ್ಲಿರುವಾಗ ತಾನೇ ಬಂದು ನಿಂತದ್ದುಂಟು. ಇದು ಬರಲಿಲ್ಲ. ಗಂಡ ತೀರಿ ಒಂಬತ್ತು ವರ್ಷ. ಅವನ ಮುಖ ಇತ್ತು, ಅವನ ಕೆಮ್ಮು ಇತ್ತು, ಊಟಕ್ಕೆ ಕುಳಿತಾಗ ಮೊದಲ ತುತ್ತಿಗೇ ನೀರು ಬೇಡುವ ಚಟ ಕೂಡ ನೆನಪಿತ್ತು. ಹೆಸರೊಂದೇ ಇರಲಿಲ್ಲ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳ ನಾಲಿಗೆ ಆ ಹೆಸರನ್ನು ಮುಟ್ಟಿದ್ದು ಒಂದೇ ಸಲ, ಮದುವೆಯ ಮರುದಿನ. ಬಳಸದ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ. ಮಕ್ಕಳಿದ್ದವರಿಗೆ ಇದಕ್ಕೊಂದು ಉಪಾಯವಿರುತ್ತದೆ, ಇಂಥವನ ಅಪ್ಪ ಅಂದರೆ ಮುಗಿಯಿತು. ಮುದುಕವ್ವನಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಅವನು ಉದ್ದಕ್ಕೂ "ಅವರು" ಆಗಿಯೇ ಉಳಿದ. ಅವನಾದರೂ ಇವಳನ್ನು ಹೆಸರು ಹಿಡಿದು ಕರೆದವನೇ? "ಇಲ್ಲಿ ಕೇಳು" ಅನ್ನುತ್ತಿದ್ದ. ಆ ಮನೆಯಲ್ಲಿ ಇಬ್ಬರು ಹೆಸರಿಲ್ಲದೆ ಚೆನ್ನಾಗಿಯೇ ಬದುಕಿದರು.

ಗೋಡೆಯ ಮೇಲೆ ಅವನ ಫೋಟೋ ಇತ್ತು. ಫೋಟೋದ ಕೆಳಗೆ ಬಿಳಿ ಬಣ್ಣದಲ್ಲಿ ಹೆಸರು, ಹುಟ್ಟಿದ ದಿನ, ಸತ್ತ ದಿನ. ಮುದುಕವ್ವನಿಗೆ ಓದು ಬಾರದು. ಸಂಬಳದ ವಹಿಯಲ್ಲಿ ಸಹಿ ಮಾಡಲೆಂದು ತನ್ನ ಹೆಸರಿನ ನಾಲ್ಕು ಅಕ್ಷರ ಮಾತ್ರ ಕಲಿತಿದ್ದಳು. ಅವತ್ತು ಕುರ್ಚಿಯ ಮೇಲೆ ಹತ್ತಿ ನೋಡಿದರೆ, ಅವನ ಹೆಸರಿನ ಮೊದಲ ಅಕ್ಷರವೂ ತನ್ನ ಹೆಸರಿನ ಮೊದಲ ಅಕ್ಷರದ ಜಾತಿಯದೇ ಎಂದು ಗುರುತು ಹತ್ತಿತು. ಸರಿ, ಮನಸ್ಸಿನಲ್ಲೇ ಒಂದೊಂದೇ ಹೆಸರು ಹಚ್ಚಿ ನೋಡತೊಡಗಿದಳು. ಮಲ್ಲಪ್ಪ. ಮುದಿಯಪ್ಪ. ಮಾನಪ್ಪ. ಮಹಾದೇವಪ್ಪ. ಗುಡಿಯ ಬಾಗಿಲಲ್ಲಿ ಚಪ್ಪಲಿ ಕಳೆದುಕೊಂಡವಳು ಕಂಡ ಕಂಡ ಜೋಡಿಗೆಲ್ಲ ಕಾಲು ತೂರಿಸಿ ನೋಡಿದ ಹಾಗೆ ಹದಿನೆಂಟು ಹೆಸರು ನೋಡಿದಳು. ಯಾವುದೂ ಕೂರಲಿಲ್ಲ. ಎಲ್ಲ ಯಾರೋ ಮಂದಿಯ ಹೆಸರು.

ಯಾರನ್ನಾದರೂ ಕೇಳಿದ್ದರೆ ಆಗುತ್ತಿತ್ತು. ಆದರೆ ಹೇಗೆ ಕೇಳುವುದು? ಗಂಡನ ಹೆಸರನ್ನೇ ಮರೆತವಳು ಎಂದು ಓಣಿಯ ಹೆಂಗಸರು ಬಾಯಿ ಬಿಟ್ಟು ನೋಡುತ್ತಾರೆ. ಅದೊಂದು ನಾಚಿಕೆ. ನಾಚಿಕೆಗಿಂತ ದೊಡ್ಡದು ಮತ್ತೊಂದಿತ್ತು. ಬೇರೆಯವರ ಬಾಯಿಂದ ಕೇಳಿ ತಿಳಿದುಕೊಂಡರೆ ಅದು ಅವರು ಕೊಟ್ಟ ಹೆಸರಾಗುತ್ತದೆ, ತನ್ನದಾಗುವುದಿಲ್ಲ. ಅವನು ತನ್ನೊಳಗೆ ಎಲ್ಲೋ ಇದ್ದರೆ ಅಲ್ಲಿಂದಲೇ ಬರಬೇಕು. ಬರದಿದ್ದರೆ ಅವನು ಪೂರ್ತಿ ಹೋದ ಹಾಗೆ. ಹೀಗೆಂದು ತನಗೆ ತಾನೇ ಗಟ್ಟಿ ಮಾಡಿಕೊಂಡಳು. ಫೋಟೋದ ಪ್ಲಾಸ್ಟಿಕ್ ಹಾರವನ್ನು ಕೆಳಗೆ ಸರಿಸಿ ಅಕ್ಷರಗಳು ಕಾಣದ ಹಾಗೆ ಮುಚ್ಚಿದಳು. ಮರುದಿನ ದೀಪಿಕಾ ಫೋನ್ ಮಾಡಿದಾಗ ಬರುತ್ತೇನೆ ಎಂದಳು.

ಓಣಿಯ ಹೆಂಗಸರಿಗೆ ಇದು ನಗೆಯ ಮಾತಾಯಿತು. ಸೂಜಿಯೊಳಗೆ ಯಾವ ಔಷಧ ಹಾಕುತ್ತಾರೆ ಎಂದು ಕೇಳಿದರು. ಏನೂ ಹಾಕುವುದಿಲ್ಲವಂತೆ, ಬರೀ ಸೂಜಿ ಚುಚ್ಚಿ ಬಿಡುತ್ತಾರಂತೆ ಎಂದು ಮುದುಕವ್ವ ಹೇಳಿದಳು. ಖಾಲಿ ಸೂಜಿ ಚುಚ್ಚಿಸಿಕೊಳ್ಳಲು ಗಂಗಾವತಿಯವರೆಗೆ ಯಾಕೆ ಹೋಗಬೇಕು, ನಾವೇ ಚುಚ್ಚುತ್ತೇವೆ ಬಾ ಎಂದು ಒಬ್ಬಳು ಕೌದಿ ಹೊಲಿಯುವ ದಪ್ಪ ಸೂಜಿ ಎತ್ತಿ ತೋರಿಸಿದಳು. ಮುದುಕವ್ವನೂ ನಕ್ಕಳು. ನಕ್ಕು ಬಸ್ಸು ಹತ್ತಿದಳು.

ಎಂಟು ಗಂಟೆಯ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು, ಅಕ್ಕಿ ಗಿರಣಿಗೆ ಹೋಗುವ ಹೆಂಗಸರು. ಕಿಟಕಿಯಾಚೆ ಎರಡೂ ಕಡೆ ನಾಟಿ ಮುಗಿದ ಗದ್ದೆ. ಬಸ್ಸಿನಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಆದರೆ ಮೈಗೆ ಮೈ ತಾಗುವಷ್ಟು ಜನ ಇರುತ್ತಿದ್ದರು. ಅದೂ ಅವಳಿಗೆ ಅಪರೂಪವೇ. ಶಾಲೆಯಲ್ಲಿದ್ದಾಗ ಇನ್ನೂರಹದಿನಾಲ್ಕು ಮಕ್ಕಳು ತಟ್ಟೆ ಬಡಿದು ಗದ್ದಲ ಮಾಡುವುದನ್ನು ಕೇಳಿ ಕೇಳಿ ಕಿವಿ ಹೋಗಿದೆ ಎಂದು ಬೈಯುತ್ತಿದ್ದವಳು, ಈಗ ಮನೆಯಲ್ಲಿ ತಾನೊಂದು ತಟ್ಟೆ ಇಟ್ಟ ಸಪ್ಪಳಕ್ಕೆ ತಿರುಗಿ ನೋಡುತ್ತಿದ್ದಳು.

ಸೂಜಿ ಡಾಕ್ಟರ ಹೆಸರು ಮುಬಾಶಿರಾ. ಮೂವತ್ತೈದರ ಹೆಂಗಸು, ಗಂಗಾವತಿಯವಳೇ. ಅವಳು ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದಳು. ವಯಸ್ಸಾದಂತೆ ಮಿದುಳಿನೊಳಗೆ ಕೆಲವು ರಸಗಳು ಕಡಿಮೆಯಾಗುತ್ತವೆ. ನೆನಪಿಗೆ ಬೇಕಾದದ್ದೊಂದು, ನಿದ್ದೆಗೆ ಬೇಕಾದದ್ದೊಂದು, ಮನಸ್ಸು ಹಗುರವಾಗಿರಲು ಬೇಕಾದದ್ದೊಂದು. ಅವುಗಳ ಇಂಗ್ಲಿಷ್ ಹೆಸರೂ ಹೇಳಿದಳು, ಡೋಪಮಿನ್, ಸೆರೊಟೋನಿನ್, ಇನ್ನೊಂದು ಉದ್ದನೆಯದು. ಕಾಲುವೆಗೆ ನೀರು ಬಿಟ್ಟರೂ ಕೊನೆಯ ಹೊಲಕ್ಕೆ ಮುಟ್ಟದ ಹಾಗೆ, ತಲೆಯಲ್ಲಿ ಸಂಗತಿ ಇದ್ದರೂ ಅದು ನಾಲಿಗೆಯವರೆಗೆ ಬರುವುದಿಲ್ಲ. ಮೈಯ ಕೆಲವು ಜಾಗಗಳಲ್ಲಿ ಸೂಜಿ ಚುಚ್ಚಿದರೆ ನರಗಳು ಎಚ್ಚತ್ತು ಆ ರಸ ಮತ್ತೆ ಊರಬಹುದು ಎಂದು ಕೆಲವರ ಊಹೆ. ಇಲಿಗಳ ಮೇಲೆ ಮಾಡಿ ನೋಡಿದ್ದಾರೆ, ಮನುಷ್ಯರ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ರಕ್ತ ತೆಗೆದು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ.

ಇಲಿಗಳಿಗೆ ಏನು ನೆನಪಾಯಿತು ಎಂದು ಮುದುಕವ್ವ ಕೇಳಿದಳು. ದಾರಿ ನೆನಪಾಯಿತು ಎಂದಳು ಡಾಕ್ಟರು. ಪುಣ್ಯವಂತ ಇಲಿಗಳು, ಅವುಗಳಿಗೆ ದಾರಿ ಗೊತ್ತಿದ್ದರೆ ಸಾಕು.

"ಒಮ್ಮಿ ಹೋಗಿದ್ದು ತಿರುಗಿ ಬರ್ತೈತೇನ್ರಿ?" ಎಂದು ಮುದುಕವ್ವ ಮೆಲ್ಲಗೆ ಕೇಳಿದಳು.

"ಬರಬಹುದು, ಬರದನೂ ಇರಬಹುದು," ಎಂದಳು ಮುಬಾಶಿರಾ. "ನಾ ಸುಳ್ಳು ಹೇಳೂದಿಲ್ಲ ಯವ್ವಾ."

ಚುಚ್ಚುವ ಜಾಗ ಹುಡುಕಲು ಡಾಕ್ಟರು ಅವಳ ಮುಂಗೈ ಹಿಡಿದು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದಳು. ಒತ್ತುತ್ತ, ಇಲ್ಲಿಯೋ, ಇಲ್ಲಿಯೋ ಎಂದು ಕೇಳಿದಳು. ಅಷ್ಟಕ್ಕೇ ಮುದುಕವ್ವನ ಕಣ್ಣಲ್ಲಿ ನೀರು ತುಂಬಿತು. ಇನ್ನೂ ಸೂಜಿಯನ್ನೇ ತೆಗೆದಿಲ್ಲವಲ್ಲ ಎಂದು ಡಾಕ್ಟರು ಗಾಬರಿಯಾದಳು. ಮುದುಕವ್ವ ಏನು ಹೇಳಬೇಕು? ತನ್ನ ಕೈಯನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದು ಎಷ್ಟು ವರ್ಷವಾಯಿತೆಂದು ಅವಳಿಗೇ ಲೆಕ್ಕವಿರಲಿಲ್ಲ. ಕಣ್ಣಿಗೆ ಧೂಳು ಬಿತ್ತು ಎಂದಳು. ಆ ಕೋಣೆಯಲ್ಲಿ ಧೂಳಿನ ಸುಳಿವೇ ಇರಲಿಲ್ಲ.

ಸೂಜಿಗಳು ಕೂದಲಷ್ಟು ಸಣ್ಣವು. ನೆತ್ತಿಯ ಮೇಲೆ ಒಂದು, ಹುಬ್ಬುಗಳ ನಡುವೆ ಒಂದು, ಎರಡೂ ಮುಂಗೈಗೆ, ಎರಡೂ ಮೊಣಕಾಲಿನ ಕೆಳಗೆ. ಚುಚ್ಚಿ ಅರ್ಧ ಗಂಟೆ ಅಲುಗಾಡದೆ ಮಲಗಿಸುತ್ತಿದ್ದರು. ನಡುವೆ ಪರದೆ, ಪರದೆಯ ಆಚೆ ತಾಜಬೀ ಎಂಬಾಕೆ. ಅವಳೂ ಇವಳ ವಯಸ್ಸಿನವಳೇ, ಕಂಪ್ಲಿ ರಸ್ತೆಯ ಕಡೆಯವಳು. ಮಲಗಿದಲ್ಲಿಂದಲೇ ಮಾತಾಡುತ್ತಿದ್ದಳು. ಹಸೀಬಾನ ಅಬ್ಬಾ ಬೆಳಿಗ್ಗೆಯಿಂದ ಚಹಾ ಕುಡಿದಿಲ್ಲ, ಹಸೀಬಾನ ಅಬ್ಬಾ ಕೆಳಗೆ ಬಿಸಿಲಿನಲ್ಲಿ ಕಾಯುತ್ತ ನಿಂತಿದ್ದಾರೆ, ಹಸೀಬಾನ ಅಬ್ಬಾಗೆ ಎಷ್ಟು ಹೇಳಿದರೂ ಛತ್ರಿ ತರುವುದಿಲ್ಲ. ಹಸೀಬಾ ಅವಳ ಮಗಳು. ಗಂಡನ ಹೆಸರು ಬಾಯಲ್ಲಿ ಬರದಿದ್ದರೂ ಅವಳ ಮಾತೆಲ್ಲ ಗಂಡನದೇ. ಮುದುಕವ್ವ ಸುಮ್ಮನೆ ಕೇಳುತ್ತ ಮಲಗಿರುತ್ತಿದ್ದಳು. ಹೊಟ್ಟೆಕಿಚ್ಚು ಆಗುತ್ತಿತ್ತು, ಆಗಲಿಲ್ಲ ಎಂದು ಹೇಳಿದರೆ ಸುಳ್ಳು.

ನಿಮ್ಮ ಮನೆಯವರು ಏನು ಮಾಡುತ್ತಿದ್ದರು ಎಂದು ತಾಜಬೀ ಒಮ್ಮೆ ಕೇಳಿದಳು. ಹೊಲದ ಮೋಟರ್ ರಿಪೇರಿ ಎಂದು ಮುದುಕವ್ವ ಹೇಳಿದಳು. ಹೇಳಿದ್ದೇ ತಡ, ಸುಟ್ಟ ತಾಮ್ರದ ತಂತಿಯ ವಾಸನೆ, ಅದರ ಮೇಲೆ ಬಳಿಯುವ ವಾರ್ನಿಷ್ ವಾಸನೆ ಆ ಆಸ್ಪತ್ರೆಯ ಕೋಣೆಯಲ್ಲೇ ಮೂಗಿಗೆ ಹೊಡೆಯಿತು. ಅವನ ಎಡಗೈ ಹೆಬ್ಬೆರಳಿನ ಕಪ್ಪುಗಟ್ಟಿದ ಉಗುರು ಕಣ್ಣಿಗೆ ಬಂತು. ಒಂಬತ್ತು ವರ್ಷಗಳಲ್ಲಿ ಆ ಉಗುರು ಅವಳಿಗೆ ನೆನಪಾಗಿರಲಿಲ್ಲ.

ಹಾಗೆ ಶುರುವಾಯಿತು. ಮೂರನೆಯ ವಾರಕ್ಕೆ ನಿದ್ದೆ ಬರತೊಡಗಿತು. ಐದನೆಯ ವಾರಕ್ಕೆ, ಇನ್ನೂರಹದಿನಾಲ್ಕು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬುದು ಕೇಳದೆಯೇ ಬಾಯಿಗೆ ಬಂತು. ಮಂಗಳವಾರ, ಶುಕ್ರವಾರ ಆಸ್ಪತ್ರೆಗೆ ಹೋಗಬೇಕಾದ್ದರಿಂದ ವಾರಗಳಿಗೂ ಒಂದೊಂದು ಮುಖ ಬಂತು. ಇದೆಲ್ಲ ಸೂಜಿಯಿಂದಲೋ, ಬಸ್ಸಿನ ಜನದಿಂದಲೋ, ತಾಜಬೀಯ ಮಾತಿನಿಂದಲೋ, ಯಾರು ಹೇಳಬೇಕು? ಡಾಕ್ಟರೂ ಹೇಳಲಿಲ್ಲ. ಮುದುಕವ್ವನಿಗೆ ಅದರ ಗೊಡವೆಯೂ ಇರಲಿಲ್ಲ. ಅವಳು ಕಾಯುತ್ತಿದ್ದದ್ದು ಒಂದಕ್ಕೇ. ಪ್ರತಿ ಸಲ ನೆತ್ತಿಗೆ ಸೂಜಿ ಇಳಿದಾಗಲೂ, ಇವತ್ತು ಬಾ ಎಂದು ಒಳಗೇ ಕರೆಯುತ್ತಿದ್ದಳು. ಹೆಸರಿಲ್ಲದೆ ಹೇಗೆ ಕರೆಯುವುದು? ಬಾರಪ್ಪಾ ಎನ್ನುತ್ತಿದ್ದಳು, ಅಷ್ಟೇ.

ಒಂಬತ್ತನೆಯ ವಾರ ಆ ಹೆಸರು ಬಾಗಿಲವರೆಗೂ ಬಂತು. ಕಣ್ಣು ಮುಚ್ಚಿ ಮಲಗಿದ್ದವಳಿಗೆ ಇದ್ದಕ್ಕಿದ್ದಂತೆ ತನ್ನ ಮದುವೆಯ ಮರುದಿನ ಕಂಡಿತು. ಹದಿನೇಳರ ಮುದುಕವ್ವ ಹಸಿರು ಸೀರೆಯಲ್ಲಿ ಗಂಡನ ಮನೆಯ ಹೊಸ್ತಿಲ ಮುಂದೆ ನಿಂತಿದ್ದಾಳೆ. ನಾದಿನಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ ಎನ್ನುತ್ತಿದ್ದಾಳೆ. ಸುತ್ತ ಹೆಂಗಸರ ನಗು. ಅವ್ವ ಎಂಟು ದಿನ ಬಾಯಿಪಾಠ ಮಾಡಿಸಿ ಕಳಿಸಿದ ಒಡಪು ಈಗ ಒಂದೊಂದೇ ಸಾಲಾಗಿ ನಾಲಿಗೆಗೆ ಬಂತು.

ಕಲ್ಲ ಗುಡ್ಡದ ಕೆಳಗ ಕಾಲುವಿ ನೀರ,
ಹಸರ ಸೀರಿಯ ಹಂಗ ಹಾಸ್ಯಾವ ಪೈರ,
ತುಂಬಿದ ಮನಿಯಾಗ ಹೆಸರ ಹೇಳಂದಾರ,
ನನ ಕೈಯ ಹಿಡದವರು...

ಅಲ್ಲಿಗೆ ನಿಂತಿತು. ಮುಂದಿನ ಮಾತು ಅದೇ, ಅದೊಂದೇ. ಮುದುಕವ್ವ ಮತ್ತೆ ಮೊದಲಿನಿಂದ ಹಿಡಿದಳು. ಗುಡ್ಡ ಬಂತು, ಕಾಲುವೆ ಬಂತು, ಸೀರೆ ಬಂತು. ನಾದಿನಿ ಬಾಗಿಲು ಬಿಡಲಿಲ್ಲ. ಐದಾರು ಸಲ ಹಾಗೆ ಮಾಡುವಾಗ ಮೈ ಬಿಗಿದು ಮುಂಗೈಯ ಸೂಜಿ ಬಾಗಿ ನೋವಾಯಿತು. ಡಾಕ್ಟರು ಓಡಿಬಂದು ಸೂಜಿ ತೆಗೆದು, ಮನಸ್ಸು ಸಡಿಲ ಬಿಡಬೇಕು, ಏನನ್ನೂ ಎಳೆಯಬಾರದು ಎಂದು ಬೈದಳು. ಅವತ್ತು ಬಸ್ಸಿನಲ್ಲಿ ಮುದುಕವ್ವ ಊರು ಬಂದದ್ದು ಗೊತ್ತಾಗದೆ ಕಾರಟಗಿಯವರೆಗೆ ಹೋಗಿಬಿಟ್ಟಳು.

ಹನ್ನೆರಡು ವಾರ ಮುಗಿಯಿತು. ಕೊನೆಯ ದಿನ ಸೂಜಿಯಿಲ್ಲ, ಪ್ರಶ್ನೆ ಮಾತ್ರ. ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ ದೀಪಿಕಾ ಅದೇ ಟ್ಯಾಬು ಹಿಡಿದು ಕುಳಿತಿದ್ದಳು. ಮುದುಕವ್ವ ವಾರ ಸರಿಯಾಗಿ ಹೇಳಿದಳು. ಮೂರು ಪದಗಳನ್ನೂ ಹೇಳಿದಳು. ದೀಪಿಕಾಳ ಮುಖ ಅರಳುತ್ತ ಹೋಯಿತು. ಡಾಕ್ಟರಿಗೆ ಭಾಳ ಸಂತೋಷ ಆಗುತ್ತದೆ, ನಿಮ್ಮಷ್ಟು ಸುಧಾರಿಸಿದವರು ಇಬ್ಬರೇ ಎಂದಳು. ಹಾಗೆನ್ನುತ್ತಲೇ ಮುಂದಿನ ಪ್ರಶ್ನೆಯ ಮೇಲೆ ಬೆರಳಿಟ್ಟು, ಇದನ್ನು ನಾನೇ ತುಂಬುತ್ತೇನೆ ಎಂದಳು.

"ಬ್ಯಾಡ ತಂಗಿ," ಎಂದಳು ಮುದುಕವ್ವ. "ಕೇಳು."

ದೀಪಿಕಾ ತಲೆಯೆತ್ತಿದಳು. ಅಜ್ಜಿ ರೂಢಿ ಮುರಿದು ಹೇಳಲು ಹೊರಟಿದ್ದಾಳೆ ಎಂದು ಅವಳಿಗೆ ಖುಷಿಯೇ ಆಗಿರಬೇಕು. ನಗುತ್ತಲೇ, "ಗಂಡನ ಹೆಸರು ಏನ್ರಿ ಯವ್ವಾ?" ಎಂದಳು.

ಮುದುಕವ್ವ ಸೆರಗು ಮುಟ್ಟಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತ ಬಾಯಿ ತೆರೆದಳು. ಹನ್ನೆರಡು ವಾರದ ಇಪ್ಪತ್ನಾಲ್ಕು ಸಲದ ಸೂಜಿಯನ್ನೆಲ್ಲ ನೆನೆದು ಕಾದಳು. ಫ್ಯಾನ್ ತಿರುಗುತ್ತಿತ್ತು. ಏನೂ ಬರಲಿಲ್ಲ.

"ನನಗ ಗೊತ್ತಿಲ್ಲ ತಂಗಿ. ಅವತ್ತೂ ಗೊತ್ತಿರಲಿಲ್ಲ. ನಾಚಿಕಿಂದ ಸುಮ್ಮನಿದ್ದೆ ಅಂತ ನೀ ತಿಳಕೊಂಡಿ. ನಾ ಮರ್ತಿದ್ದೆ."

ದೀಪಿಕಾ ನಗು ನಿಲ್ಲಿಸಿದಳು. ಆಮೇಲೆ ಆ ಪ್ರಶ್ನೆಯ ಅಂಕ ತೆಗೆದುಬಿಡು, ಅವತ್ತಿನದೂ ತೆಗೆ, ನಿಮ್ಮ ಲೆಕ್ಕದಲ್ಲಿ ನನ್ನಿಂದ ಸುಳ್ಳು ಸೇರಬಾರದು ಎಂದು ಮುದುಕವ್ವನೇ ಹೇಳಿದಳು. ದೀಪಿಕಾ ತೆಗೆದಳು. ತೆಗೆದ ಮೇಲೂ ಟ್ಯಾಬು ಕೆಳಗಿಡದೆ, ಬಹಳ ಮೆಲ್ಲಗೆ ಕೇಳಿದಳು.

"ಹೇಳ್ಲೇನ್ರಿ?"

ಹನ್ನೆರಡು ವಾರ ಯಾರಿಂದಲೂ ಕೇಳಿಸಿಕೊಳ್ಳಬಾರದು ಎಂದು ಕಟ್ಟಿಕೊಂಡಿದ್ದ ಗೋಡೆ ಅದು. ಆದರೆ ಇನ್ನು ಸೂಜಿ ಇಲ್ಲ, ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ನಾಳೆಯಿಂದ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಮುದುಕವ್ವ ಹೂಂ ಎಂದಳು.

"ಮಾರೆಪ್ಪ ಅಂತ ಐತ್ರಿ. ದಿವಂಗತ ಮಾರೆಪ್ಪ."

ಮುದುಕವ್ವ ಅದನ್ನು ಒಳಗೇ ಒಮ್ಮೆ ಅಂದುಕೊಂಡಳು. ಆಮೇಲೆ ಬಾಯಿಬಿಟ್ಟು ಅಂದಳು. ಒಡಪಿನ ಆಸರೆಯಿಲ್ಲದೆ ಬರಿದೇ ಆ ಹೆಸರು ಹೇಳಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಮೈ ಜುಮ್ಮೆನ್ನಬಹುದು ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಅಕ್ಕಿ ಹಸನು ಮಾಡುತ್ತ ಕುಳಿತ ದಿನ ಹಚ್ಚಿ ನೋಡಿದ ಹದಿನೆಂಟು ಹೆಸರುಗಳಲ್ಲಿ ಇದೂ ಒಂದು. ಏಳನೆಯದೋ ಎಂಟನೆಯದೋ. ಆವತ್ತೂ ಇದು ಕೂರಲಿಲ್ಲ ಎಂದು ಬಿಟ್ಟು ಮುಂದೆ ಹೋಗಿದ್ದಳು. ಈಗ ಇದೇ ಹೌದು ಎಂದು ಸರ್ಕಾರದ ಕಾಗದ ಹೇಳುತ್ತಿದ್ದರೂ ಅದು ಯಾರೋ ದಾರಿಹೋಕನ ಹೆಸರಿನಂತೆಯೇ ಇತ್ತು. ನಮ್ಮ ಸೀಮೆಯಲ್ಲಿ ಮಾರೆಪ್ಪಗಳಿಗೇನು ಬರವೇ?

ಬರದೆ ಇದ್ದಾಗ ಎಲ್ಲೋ ಇದೆ ಎಂಬ ಆಸೆಯಾದರೂ ಇತ್ತು. ಈಗ ಕೈಗೆ ಸಿಕ್ಕಿದೆ, ಒಳಗೆ ಯಾರೂ ಇಲ್ಲ. ಮುದುಕವ್ವನಿಗೆ ಗಂಡ ಸತ್ತ ದಿನಕ್ಕಿಂತ ಆ ಗಳಿಗೆ ಕೆಟ್ಟದಾಗಿ ಕಂಡಿತು. ಆವತ್ತು ಮನೆ ತುಂಬ ಜನರಿದ್ದರು.

ಛಲೋ ಆತು ತಂಗಿ, ಉಪಕಾರ ಆತು ಎಂದು ಎದ್ದಳು. ಕೊನೆಯ ಸಲ ರಕ್ತ ಕೊಡಬೇಕು, ಇವತ್ತು ಅದು ಕೆಳಗಿನ ಮಹಡಿಯಲ್ಲಿ, ಹೊರಗಿನ ಬೆಂಚಿನ ಮೇಲೆ ಕುಳಿತಿರಿ, ನಾನು ಬರುತ್ತೇನೆ ಎಂದು ದೀಪಿಕಾ ಹೇಳಿದಳು. ಮುದುಕವ್ವ ಕಂಬಿ ಹಿಡಿದು ಮೆಟ್ಟಿಲು ಇಳಿದಳು.

ಕೆಳಗೆ ಹೊರರೋಗಿಗಳ ಸಂತೆ. ಕೆಮ್ಮುವ ಮುದುಕರು, ಅಳುವ ಕೂಸುಗಳು, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು. ಹನ್ನೆರಡು ವಾರ ಇದರ ಪಕ್ಕದ ಮೆಟ್ಟಿಲಿನಿಂದ ಹತ್ತಿ ಹೋಗಿದ್ದಳೇ ಹೊರತು ಒಮ್ಮೆಯೂ ಇಲ್ಲಿ ಕುಳಿತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಯಾವುದನ್ನೂ ಯೋಚಿಸಲಿಲ್ಲ. ಮನೆಗೆ ಹೋಗಿ ಏನು ಬೇಯಿಸುವುದು ಎಂದು ಕೂಡ ಯೋಚಿಸಲಿಲ್ಲ. ತನ್ನ ಎರಡು ಅಂಗೈಗಳನ್ನು ನೋಡುತ್ತ ಕುಳಿತಳು.

ಎದುರಿನ ಬಾಗಿಲು ಅರ್ಧ ತೆರೆಯಿತು. ಖಾಕಿ ಅಂಗಿಯ ಗಂಡಸೊಬ್ಬ ಚೌಕಟ್ಟಿಗೆ ಕೈಕೊಟ್ಟು, ಚೀಟಿ ನೋಡಿ, ಗಂಟಲೆತ್ತಿ ಕೂಗಿದ.

"ಮಾರೆಪ್ಪಾ! ಮಾರೆಪ್ಪ ಅದಾನೇನ್ರೀ?"

"ಇಲ್ರೀ," ಎಂದಳು ಮುದುಕವ್ವ. "ಮೋಟರ್ ಇಳಸಾಕ ಹೋಗ್ಯಾರ. ಬಂದಮ್ಯಾಲ ಹೇಳ್ತೀನ್ರಿ."

ಹೇಳಿದ್ದು ಅವಳಲ್ಲ, ಅವಳ ಬಾಯಿ. ನಲವತ್ತೊಂದು ವರ್ಷ ದಿನಕ್ಕೆ ಮೂರು ಸಲ, ನಾಲ್ಕು ಸಲ ಅದು ಆ ಮಾತು ಹೇಳಿತ್ತು. ಮೋಟರ್ ಸುಟ್ಟಿದೆ, ಗದ್ದೆ ಒಣಗುತ್ತಿದೆ ಎಂದು ಗಂಡಸರು ಬಂದು ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಕೂಗುತ್ತಿದ್ದರು. ಆ ಹೆಸರು ಅವಳ ಮನೆಯೊಳಗೆ ಬರುತ್ತಿದ್ದದ್ದು ಹಾಗೆಯೇ, ಹೊರಗಿನಿಂದ, ಗಂಡಸರ ದೊಡ್ಡ ದನಿಯಲ್ಲಿ. ಅವಳು ಒಲೆಯ ಮುಂದಿನಿಂದ ಏಳದೆ ಒಳಗಿನಿಂದ ಉತ್ತರ ಕೊಡುತ್ತಿದ್ದಳು. ಅವನು ಯಾವತ್ತೂ ಆ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ. ತನ್ನ ನಾಲಿಗೆಯ ಮೇಲೆ, ಒಡಪಿನಲ್ಲಿ, ನೆತ್ತಿಯ ಸೂಜಿಯ ತುದಿಯಲ್ಲಿ ಹುಡುಕಿದಳಲ್ಲ, ಅಲ್ಲೆಲ್ಲ ಅದು ಹೇಗೆ ಸಿಕ್ಕೀತು? ಅದಿದ್ದದ್ದು ಅವಳ ಕಿವಿಯಲ್ಲಿ.

ಈಗ ಆ ಕೂಗಿನ ಹಿಂದೆಯೇ ಅವನು ಬಂದ. ಸೈಕಲ್ಲಿನ ಹಿಂದೆ ಬಾವಿಗೆ ಮೋಟರ್ ಇಳಿಸುವ ಚೈನು, ರಾಟೆ ಕಟ್ಟಿಕೊಂಡು, ಕೆಸರಿನ ಕಾಲು ತೊಳೆಯದೆ, ಯಾರಾದರೂ ಬಂದಿದ್ದರೇನು ಎಂದು ಕೇಳುತ್ತ ಒಳಗೆ ಬಂದ. ಯಾರು ಯಾರು ಬಂದಿದ್ದರೆಂದು ಅವಳು ಒಂದನ್ನೂ ಮರೆಯದೆ ಹೇಳುತ್ತಿದ್ದಳು. ಮಾರೆಪ್ಪ. ಹೌದು, ಮಾರೆಪ್ಪ. ಅವನ ಮೈಯ ಬೆವರು ಸಮೇತ, ಕಪ್ಪು ಉಗುರು ಸಮೇತ, ಆ ಹೆಸರು ಅವಳ ಎದೆಯಲ್ಲಿ ಬಂದು ಕುಳಿತಿತು.

ಬೆಂಚಿನ ಕೊನೆಯಲ್ಲಿ ಒಬ್ಬ ಮುದುಕ ಕೋಲು ಊರಿಕೊಂಡು ಎದ್ದು, ತಾನೇ ಮಾರೆಪ್ಪ ಎಂದ. ಖಾಕಿ ಅಂಗಿಯವನು ಅವನನ್ನು ನೋಡಿದ, ಮುದುಕವ್ವನನ್ನು ನೋಡಿದ. ಈ ದಿನ ಬೆಳಿಗ್ಗೆಯಿಂದ ಅವನಿಗೆ ಸಾಕಾಗಿತ್ತು.

"ಮತ್ತ ನೀವು ಯಾರಬೇ?"

ಮುದುಕವ್ವ ಎದ್ದು ನಿಂತಳು. ಸೆರಗು ಹೆಗಲಿನಿಂದ ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಾನು ಮಾರೆಪ್ಪನ ಹೆಂಡ್ತಿರಿ," ಎಂದಳು. "ನಮ್ಮ ಮಾರೆಪ್ಪ ತೀರಿಕೊಂಡಾರ್ರಿ. ಇನ್ನ ಬರೂದಿಲ್ಲ."